ಸವೆದ ಅರಿವೆಯ ಜೀವಿಗಳು

ಮೂರು ವರ್ಷಗಳ ಹಿಂದೆ, ಒಂದು ಶ್ರಾವಣದ ಸಂಜೆ, ನಮ್ಮ ಬಹುಕಾಲದ ಸ್ನೇಹಿತರೊಬ್ಬರು ತಮ್ಮ ಮಗಳೊಡನೆ ನಮ್ಮ ಮನೆಗೆ ಬಂದಿದ್ದರು. ಹುಡುಗಿ ಚಿತ್ರಕಲೆಯಲ್ಲಿ ಪದವಿ ಪಡೆದವಳು. ಓದು ಮುಗಿದ ಮೇಲೆ ಎಲ್ಲಿಯಾದರೂ ಕಲಾಶಿಕ್ಷಕಿಯಾಗಿ ಸೇರಿಕೊಳ್ಳುವಳೆಂದು ತಂದೆ ಕಾದಿದ್ದರು. ಅವಳಾದರೋ ಮಾಳಿಗೆಯ ಕೋಣೆಯನ್ನು ಹರಕು ಸೀರೆ, ಧೋತರ, ಪರಕಾರ, ಕುಪ್ಪಸಗಳಿಂದ ತುಂಬಿಕೊಂಡು, ಅವುಗಳಿಂದ ಹಕ್ಕಿ, ಮೊಲ, ಮುಂಗುಸಿ, ಓತಿಕೇತಗಳನ್ನು ಹೊಲಿಯುತ್ತ ಕುಳಿತುಬಿಟ್ಟಿದ್ದಳು. ಹೊಸ ಬಟ್ಟೆಯನ್ನು ಅವಳು ಮುಟ್ಟುವುದಿಲ್ಲ. ಯಾರೋ ಉಟ್ಟು ಬಿಟ್ಟದ್ದೇ ಆಗಬೇಕು. "ಇದೂ ಒಂದು ಉದ್ಯೋಗವೇ? ನೀವೇ ಹೇಳಿರಿ" ಎಂದು ತಂದೆ ನಮ್ಮನ್ನು ಕೇಳಿದರು. ಹುಡುಗಿ ಏನೂ ಮಾತನಾಡದೆ ಕೈಚೀಲದಿಂದ ಒಂದು ಮುಂಗುಸಿಯನ್ನು ತೆಗೆದು ನಮ್ಮ ಮೇಜಿನ ಮೇಲಿಟ್ಟಳು.

ನಾವು ಅದನ್ನು ಕೈಗೆತ್ತಿಕೊಂಡು ನೋಡಲಿಲ್ಲ. ಕನ್ನಡಕದ ಮೇಲಿನಿಂದ ಒಮ್ಮೆ ದೃಷ್ಟಿ ಹಾಯಿಸಿ, ಬಿಡುವಿನ ವೇಳೆಗೆ ಇದು ಚೆನ್ನು, ಬದುಕಿಗೆ ಸಾಲದು ಎಂದೆವು. ಅಷ್ಟಕ್ಕೆ ನಿಲ್ಲಿಸಿದ್ದರೆ ಒಳಿತಾಗುತ್ತಿತ್ತು. ಹರಕಿನಿಂದ ಮಾಡಿದ್ದು ಎಷ್ಟಾದರೂ ಹರಕೇ ಅಲ್ಲವೇ ಎಂಬ ಒಂದು ಚಮತ್ಕಾರದ ಮಾತನ್ನೂ ಸೇರಿಸಿದೆವು. ಸಭೆಗಳಲ್ಲಿ ಮಾತನಾಡಿ ರೂಢಿಯಾದವರಿಗೆ ಇಂಥವು ಬಾಯಿಗೆ ತಾವಾಗಿಯೇ ಬರುತ್ತವೆ. ತಂದೆ ನಕ್ಕರು. ಹುಡುಗಿ ಮುಂಗುಸಿಯನ್ನು ಚೀಲಕ್ಕೆ ಹಾಕಿಕೊಂಡಳು. ಈ ತಿಂಗಳ ಅಂಕಣವನ್ನು ಆ ಮಾತಿನ ಋಣ ತೀರಿಸುವುದಕ್ಕಾಗಿ ಬರೆಯುತ್ತಿದ್ದೇವೆಂದು ಓದುಗರು ತಿಳಿಯಬೇಕು.

ಅವಳು ನಮ್ಮ ಮಾತನ್ನು ಕೇಳಲಿಲ್ಲವೆಂಬುದು ಸಂತೋಷದ ಸಂಗತಿ. ಕಳೆದ ಮಾಘದಲ್ಲಿ ಅವಳೊಬ್ಬಳೇ ಬಂದಳು. ಈ ಸಲ ಕೈಯಲ್ಲಿ ಮುಂಗುಸಿಯಿರಲಿಲ್ಲ, ಎರಡು ದೊಡ್ಡ ಚಿತ್ರಪುಸ್ತಕಗಳಿದ್ದವು. "ನೀವು ಪುಸ್ತಕವಾದರೆ ನೋಡುತ್ತೀರಿ" ಎಂದಳು. ಈ ಮಾತಿನೊಳಗಿನ ಮೊನೆ ನಮಗೆ ತಾಗದೆ ಇರಲಿಲ್ಲ. ಪುಸ್ತಕಗಳನ್ನು ಇಟ್ಟುಕೊಂಡೆವು; ಒಂದು ತಿಂಗಳು ಇಟ್ಟುಕೊಂಡೆವು.

ಮೊದಲನೆಯದು ಇಂಗ್ಲೆಂಡಿನ ಲೀಡ್ಸ್ ಪಟ್ಟಣದಲ್ಲಿ ಕೆಲಸ ಮಾಡುವ ಒಬ್ಬ ಕಲಾವಿದನದು. ಮಿಸ್ಟರ್ ಫಿಂಚ್ ಎಂಬುದೇ ಆತ ಬಳಸುವ ಹೆಸರು. ಫಿಂಚ್ ಎಂಬುದು ಆತನ ಮನೆತನದ ಹೆಸರೂ ಹೌದು, ಅದೊಂದು ಪುಟ್ಟ ಹಕ್ಕಿಯ ಹೆಸರೂ ಹೌದು. ಹೊಲಿಗೆಯನ್ನು ಆತ ಯಾವ ಶಾಲೆಯಲ್ಲಿಯೂ ಕಲಿತವನಲ್ಲ, ತಾನೇ ಕಲಿತವನು. ಹಳೆಯ ಹೋಟೆಲೊಂದರ ಮಖಮಲ್ಲಿನ ಪರದೆ, ಎಳೆ ಎಳೆಯಾಗಿ ಸವೆದುಹೋದ ಮದುವೆಯ ಉಡುಪು, ಯಾವ ಅಜ್ಜಿಯೋ ಅಡಿಗೆಮನೆಯಲ್ಲಿ ಕಟ್ಟಿಕೊಳ್ಳುತ್ತಿದ್ದ ಮುಂಬಟ್ಟೆ, ಇವೆಲ್ಲ ಆತನ ಕೈಯಲ್ಲಿ ಪತಂಗ, ಮೊಲ, ಹಂಸ, ಜೇಡ, ಅಣಬೆಗಳಾಗುತ್ತವೆ. 2014ರಲ್ಲಿ ಪ್ರಕಟವಾದ ಆತನ ಪುಸ್ತಕದಲ್ಲಿ ಭಾರಿ ಪತಂಗಗಳಿವೆ. ಅವುಗಳ ರೆಕ್ಕೆಯ ಬಣ್ಣ ಮಾಸಲು. ಹಳೆಯ ವಸ್ತುವನ್ನು ಮತ್ತೆ ಬಳಸುವುದು ಧರ್ಮವೆಂದಷ್ಟೇ ಅಲ್ಲ, ಹಳೆಯದರಲ್ಲಿ ಒಂದು ನಿಜವೂ ಚೆಲುವೂ ಇರುವುದೆಂದೇ ತಾನು ಅದನ್ನು ಆಯ್ದುಕೊಳ್ಳುವುದಾಗಿ ಆತ ಹೇಳುತ್ತಾನೆ. ನಾವು ಪುಟ ತಿರುವಿ ಆನಂದಪಟ್ಟೆವು. ಆದರೆ ನಮ್ಮ ಮೂರು ವರ್ಷ ಹಿಂದಿನ ಅಭಿಪ್ರಾಯ ಅದರಿಂದ ಬದಲಾಯಿತೆಂದರೆ ಸುಳ್ಳಾದೀತು. ಚೆಂದದ ಆಟಿಕೆಗಳು, ಮಕ್ಕಳ ಕಥೆಯ ಪ್ರಪಂಚ ಎಂದುಕೊಂಡೆವು.

ಬದಲಾದದ್ದು ಎರಡನೆಯ ಪುಸ್ತಕದಿಂದ. ಅದು 2022ರಲ್ಲಿ ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ ನಡೆದ ಒಂದು ಪ್ರದರ್ಶನದ ಗ್ರಂಥ. ಪ್ರದರ್ಶನದ ಹೆಸರನ್ನು ಕನ್ನಡದಲ್ಲಿ 'ನೇಯ್ದ ಮಗು' ಎನ್ನಬಹುದು. ಕಲಾವಿದೆ ಲೂಯಿಸ್ ಬೂರ್ಜ್ವಾ. ಹೆಸರು ಕೇಳಿ ನಮ್ಮ ಸಮಾಜವಾದಿ ಮಿತ್ರರು ಹುಬ್ಬೇರಿಸಬಾರದು. ಅದು ಹುಟ್ಟಿದ ಮನೆತನದ ಹೆಸರು, ಆಕೆಯ ತಪ್ಪಲ್ಲ.

ಲೂಯಿಸ್ ಹುಟ್ಟಿದ್ದು 1911ರ ಡಿಸೆಂಬರ್ 25ರಂದು, ಪ್ಯಾರಿಸ್ಸಿನಲ್ಲಿ. ತಂದೆತಾಯಿಗಳದು ಹಳೆಯ ಚಿತ್ರವಸ್ತ್ರಗಳ ವ್ಯವಹಾರ. ಯುರೋಪಿನ ಅರಮನೆಗಳಲ್ಲಿಯೂ ದೊಡ್ಡ ಮನೆಗಳಲ್ಲಿಯೂ ಗೋಡೆಗೆ ತೂಗುಹಾಕುತ್ತಿದ್ದ, ಕಾಡು, ಬೇಟೆ, ರಾಜಸಭೆಗಳ ಚಿತ್ರವನ್ನು ಉಣ್ಣೆಯ ಹೊಕ್ಕಿನಲ್ಲಿಯೇ ನೇಯ್ದ ಭಾರಿ ವಸ್ತ್ರಗಳಿವು, ಟ್ಯಾಪೆಸ್ಟ್ರಿ ಎನ್ನುತ್ತಾರೆ. ತಾಯಿ ಜೋಸೆಫೀನಳ ತವರು ಓಬ್ಯುಸೋಂ. ಶತಮಾನಗಳಿಂದ ಈ ನೇಯ್ಗೆಗೆ ಹೆಸರಾದ ಊರು ಅದು. 2009ರಲ್ಲಿ ಯುನೆಸ್ಕೋ ಅಲ್ಲಿನ ಕಲೆಯನ್ನು ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಪ್ಯಾರಿಸ್ಸಿನ ಅಂಗಡಿಯಲ್ಲಿ ತಂದೆ ಮಾರುತ್ತಿದ್ದರು. ಊರ ಹೊರಗಿನ ಆಂತೋನಿ ಎಂಬಲ್ಲಿ, ಬಿಯೆವ್ರ್ ಎಂಬ ಸಣ್ಣ ಹೊಳೆಯ ದಂಡೆಯ ಮನೆಯಲ್ಲಿ, ತಾಯಿ ಹೆಂಗಸರನ್ನು ಕೂಡಿಸಿಕೊಂಡು ರಿಪೇರಿ ಮಾಡಿಸುತ್ತಿದ್ದಳು. ಆ ಹೊಳೆಯ ನೀರಿನಲ್ಲಿ ಒಗರಿನ ಅಂಶವಿದ್ದು, ಉಣ್ಣೆಗೆ ಬಣ್ಣ ಹಿಡಿಯಲು ಅನುಕೂಲವಾಗಿತ್ತು. ಫ್ರಾನ್ಸಿನ ದೊರೆಗಳ ಪ್ರಸಿದ್ಧ ಗೋಬೆಲಿನ್ ನೇಯ್ಗೆಶಾಲೆ ನೆಲೆನಿಂತದ್ದೂ ಅದೇ ಹೊಳೆಯ ಕೆಳದಂಡೆಯಲ್ಲಿ.

ಗೋಡೆಯ ಮೇಲೆ ತೂಗುವ ವಸ್ತ್ರ ಎಲ್ಲಿ ಮೊದಲು ಸವೆಯುತ್ತದೆ? ಕೆಳಗೆ, ನೆಲಕ್ಕೆ ತಾಗುವಲ್ಲಿ. ಆದುದರಿಂದ ರಿಪೇರಿಗೆ ಬರುತ್ತಿದ್ದ ಚಿತ್ರಗಳಲ್ಲಿ ದೊರೆಗಳಿಗೆ ಮುಖವಿರುತ್ತಿತ್ತು, ಪಾದವಿರುತ್ತಿರಲಿಲ್ಲ. ಕುದುರೆಗಳಿಗೆ ಬೆನ್ನಿರುತ್ತಿತ್ತು, ಗೊರಸಿರುತ್ತಿರಲಿಲ್ಲ. ಹೊಸದಾಗಿ ನೇಯಬೇಕಾದರೆ ಮೊದಲು ಯಾರಾದರೂ ಆ ಕಾಲುಗಳನ್ನು ಬರೆದು ತೋರಿಸಬೇಕು. ಆ ಕೆಲಸ ಸುಮಾರು ಹನ್ನೆರಡರ ವಯಸ್ಸಿನ ಲೂಯಿಸಳ ಪಾಲಿಗೆ ಬಂದಿತು. ಮುಂದೆ ಜಗತ್ತಿನ ದೊಡ್ಡ ಶಿಲ್ಪಿಗಳಲ್ಲೊಬ್ಬಳಾದವಳ ಮೊದಲ ಕಸುಬು ಇಲ್ಲದ ಕಾಲುಗಳನ್ನು ಬರೆಯುವುದಾಗಿತ್ತೆಂಬುದನ್ನು ಓದಿ ನಾವು ಪುಸ್ತಕವನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟೆವು. ಮಠದಲ್ಲಿದ್ದಾಗ ಗುರುಗಳು ನಮಗೆ ಮೊದಲು ಕಲಿಸಿದ್ದೂ ಇಂಥದೇ ಕೆಲಸ: ಗೆದ್ದಲು ತಿಂದ ತಾಳೆಗರಿಯಲ್ಲಿ ಹೋದ ಅಕ್ಷರವನ್ನು, ಉಳಿದ ಅಕ್ಷರಗಳ ಬಲದಿಂದ ಊಹಿಸಿ ಬರೆಯುವುದು. ಊಹಿಸಿದ್ದನ್ನು ಕಂಸದಲ್ಲಿ ಹಾಕಬೇಕು, ಮೂಲವೆಂದು ಮೆರೆಸಬಾರದು ಎಂದು ಗುರುಗಳು ಕಟ್ಟುನಿಟ್ಟು ಮಾಡುತ್ತಿದ್ದರು.

ಮನೆಯಲ್ಲಿ ಎಲ್ಲವೂ ಸುಖವಾಗಿರಲಿಲ್ಲ. ಮಕ್ಕಳಿಗೆ ಇಂಗ್ಲಿಷ್ ಕಲಿಸಲು ಬಂದ ಯುವತಿಯೊಡನೆ ತಂದೆ ಸಂಬಂಧ ಬೆಳೆಸಿದ್ದರು. ಆಕೆ ವರುಷಗಟ್ಟಲೆ ಅದೇ ಮನೆಯಲ್ಲಿದ್ದಳು. ತಾಯಿ ಅದನ್ನು ನೋಡಿಯೂ ನೋಡದಂತೆ ಸೂಜಿ ಹಿಡಿದು ಕುಳಿತಿದ್ದಳು. ಈ ಸಂಗತಿಯನ್ನು ಲೂಯಿಸ್ 1982ರಲ್ಲಿ, ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ, ತಾನಾಗಿಯೇ ಬಹಿರಂಗಪಡಿಸಿದಳು. ಅದೇ ವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಆಕೆಯ ಜೀವಮಾನದ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿತ್ತು. ಅಲ್ಲಿಯವರೆಗೆ ಆಕೆಯನ್ನು ಬಲ್ಲವರು ಕೆಲವರೇ. ಗೃಹಿಣಿಯರಾದ ನಮ್ಮ ಓದುಗರು ಈ ವಯಸ್ಸನ್ನು ಗಮನಿಸಬೇಕೆಂದು ಬಯಸುತ್ತೇವೆ. ಆಕೆ 1932ರಲ್ಲಿ ತಾಯಿಯನ್ನು ಕಳೆದುಕೊಂಡವಳು. ಸೊರ್ಬಾನ್ ವಿಶ್ವವಿದ್ಯಾಲಯದಲ್ಲಿ ಗಣಿತ ಓದಲು ಹೋಗಿ, ಬಿಟ್ಟು, ಕಲೆಗೆ ತಿರುಗಿದವಳು. 1938ರಲ್ಲಿ ರಾಬರ್ಟ್ ಗೋಲ್ಡ್‌ವಾಟರ್ ಎಂಬ ಅಮೆರಿಕದ ಕಲಾ ಇತಿಹಾಸಕಾರನನ್ನು ಮದುವೆಯಾಗಿ ನ್ಯೂಯಾರ್ಕಿಗೆ ಬಂದವಳು. ಮೂವರು ಗಂಡುಮಕ್ಕಳನ್ನು ಬೆಳೆಸುತ್ತ, ಬಿಡುವಾದಾಗ ಮನೆಯ ಮಾಳಿಗೆಯ ಮೇಲೆ ಮರದ ಕಂಬಗಳನ್ನು ಕೆತ್ತಿದವಳು. 1973ರಲ್ಲಿ ಗಂಡನನ್ನು ಕಳೆದುಕೊಂಡವಳು.

ಇನ್ನು ಜೇಡದ ಮಾತು. ತೊಂಬತ್ತರ ದಶಕದಲ್ಲಿ ಬೂರ್ಜ್ವಾ ದೊಡ್ಡ ದೊಡ್ಡ ಜೇಡಗಳನ್ನು ಮಾಡತೊಡಗಿದಳು. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು 1999ರದು. 2000ದಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯ ತೆರೆದಾಗ ಅದರ ಒಳಾಂಗಣದಲ್ಲಿ ನಿಂತ ಉಕ್ಕಿನ ಜೇಡವದು. ಒಂಬತ್ತು ಮೀಟರಿಗೂ ಮಿಗಿಲಾದ ಎತ್ತರ, ಹೊಟ್ಟೆಯ ಕೆಳಗಿನ ಚೀಲದಲ್ಲಿ ಅಮೃತಶಿಲೆಯ ಮೊಟ್ಟೆಗಳು. ಅದರ ಕಂಚಿನ ಪ್ರತಿಗಳು ಇಂದು ಕೆನಡಾದ ಒಟ್ಟಾವಾ, ಸ್ಪೇನಿನ ಬಿಲ್ಬಾವೊ, ಜಪಾನಿನ ಟೋಕಿಯೋ ನಗರಗಳಲ್ಲಿ ನಿಂತಿವೆ. ಜನ ಅದರ ಕಾಲುಗಳ ನಡುವೆ ಓಡಾಡುತ್ತಾರೆ. ಹೆಸರು 'ಮಾಮಾಂ'. ಫ್ರೆಂಚ್ ಭಾಷೆಯಲ್ಲಿ ಹಾಗೆಂದರೆ 'ಅಮ್ಮ'.

ಜೇಡವನ್ನು ಅಮ್ಮನೆಂದು ಕರೆಯುವುದೇ ಎಂದು ಓದುಗರು ಬೆಚ್ಚಬಹುದು. ನೋಡುಗರಲ್ಲಿ ಅನೇಕರು ಬೆಚ್ಚಿದ್ದಾರೆ. ಬೂರ್ಜ್ವಾಳ ಉತ್ತರ ಸರಳವಾದದ್ದು. ನನ್ನ ತಾಯಿ ನೇಯ್ಗೆಯವಳು. ಜಾಣೆ, ತಾಳ್ಮೆಯುಳ್ಳವಳು, ಮನೆಯನ್ನು ಕಾಯುವವಳು. ಬಲೆಯನ್ನು ಯಾರಾದರೂ ಹರಿದರೆ ಜೇಡ ಸಿಟ್ಟಾಗುವುದಿಲ್ಲ, ಮತ್ತೆ ನೇಯುತ್ತದೆ ಎಂಬುದು ಆಕೆಯ ಆಶಯ. ಪರದೇಶದ ವಿಮರ್ಶಕರು ಈ ಸಾದೃಶ್ಯವನ್ನು ವಿವರಿಸಲು ಪುಟಗಟ್ಟಲೆ ಬರೆದಿದ್ದಾರೆ. ಕನ್ನಡಿಗರಿಗೆ ಅಷ್ಟು ಶ್ರಮ ಬೇಡ. ನಮ್ಮ ಭಾಷೆಯಲ್ಲಿ ಜೇಡನೆಂದರೆ ನೇಯ್ಗೆಯವನು. ಜೇಡರ ದಾಸಿಮಯ್ಯನ ಹೆಸರಿನಲ್ಲಿರುವ ಜೇಡ ಹುಳುವಲ್ಲ, ಮಗ್ಗದ ಕಾಯಕ. ಮೂಲೆಯಲ್ಲಿ ಬಲೆ ಕಟ್ಟುವ ಪ್ರಾಣಿಗೆ ನಮ್ಮ ಹಿರಿಯರು 'ಜೇಡರ ಹುಳ' ಎಂದರು, ಎಂದರೆ ನೇಕಾರರ ಹುಳ. ಕಾಲಕ್ರಮದಲ್ಲಿ ಹುಳ ಉದುರಿ ಜೇಡ ಮಾತ್ರ ಉಳಿಯಿತು. ಸಂಸ್ಕೃತದವರು ಅದನ್ನೇ ಊರ್ಣನಾಭಿ ಎಂದರು, ಹೊಕ್ಕುಳಲ್ಲಿ ಉಣ್ಣೆಯುಳ್ಳದ್ದು. ಈ ಹುಡುಗಿಗೆ ಇದನ್ನು ಹೇಳಿದಾಗ ಅವಳು ನಮ್ಮ ಮುಂದೆ ಮೊದಲ ಸಲ ನಕ್ಕಳು. ನಮ್ಮಿಂದ ಅವಳಿಗೆ ಸಂದ ಪ್ರಯೋಜನವೆಂದರೆ ಇದೊಂದೇ ಪದ.

ಉಕ್ಕು, ಕಂಚು, ಅಮೃತಶಿಲೆಗಳಲ್ಲಿ ಪಳಗಿದ ಈ ಕೈ ಬಟ್ಟೆಗೆ ಮರಳಿದ್ದು ಎಂಬತ್ತು ದಾಟಿದ ಮೇಲೆ. ಬೂರ್ಜ್ವಾ ಬಟ್ಟೆಯನ್ನು ಬಿಸುಡುವವಳಲ್ಲ. ಬಾಲ್ಯದ ಉಡುಪು, ತಾಯಿಯದು, ಗಂಡನದು, ಮದುವೆಯಲ್ಲಿ ತಂದ ನಾರುಬಟ್ಟೆಯ ಕೈವಸ್ತ್ರಗಳು, ಹಾಸಿಗೆಯ ಹಚ್ಚಡಗಳು, ಎಲ್ಲವೂ ನ್ಯೂಯಾರ್ಕಿನ ಇಪ್ಪತ್ತನೆಯ ಬೀದಿಯ ಮನೆಯ ಕಪಾಟುಗಳಲ್ಲಿ ತುಂಬಿದ್ದವು. ತೊಂಬತ್ತರ ದಶಕದ ನಡುವೆ ಒಂದು ದಿನ ಅವೆಲ್ಲವನ್ನೂ ಕೆಳಗಿಳಿಸಿದಳು. ಮೊದಮೊದಲು ಅವನ್ನು ಹಾಗೆಯೇ ತೂಗುಹಾಕಿದಳು. ಕೆಲವನ್ನು ದನದ ಎಲುಬುಗಳಿಗೆ ತೂಗುಹಾಕಿದಳು. ಈ ಚಿತ್ರಗಳನ್ನು ನಾವು ಬೇಗನೆ ತಿರುವಿದೆವೆಂದು ಒಪ್ಪಿಕೊಳ್ಳುತ್ತೇವೆ. ಎಲ್ಲವನ್ನೂ ಮೆಚ್ಚುತ್ತೇವೆಂದು ನಟಿಸುವುದು ಈ ವಯಸ್ಸಿನಲ್ಲಿ ಶೋಭಿಸದು. ಸಾವನ್ನು ತೋರಿಸಲು ಎಲುಬೇ ಬೇಕೆಂಬುದನ್ನು ನಾವು ಒಪ್ಪಲಾರೆವು, ಖಾಲಿ ಅಂಗಿಯೇ ಸಾಕು.

ತರುವಾಯ ಕತ್ತರಿ ಬಂದಿತು. ಬಟ್ಟೆಗಳನ್ನು ಕತ್ತರಿಸಿ, ಹೊಲಿದು, ಒಳಗೆ ತುಂಬಿ, ದೇಹಗಳನ್ನು ಮಾಡಿದಳು. ಟವೆಲ್ಲಿನ ಬಟ್ಟೆಯಿಂದ, ಹಳೆಯ ಚಿತ್ರವಸ್ತ್ರದ ತುಂಡುಗಳಿಂದ ಹೊಲಿದ ತಲೆಗಳು. ಒಂದೇ ಹಾಸಿಗೆಯಲ್ಲಿ ಒತ್ತಿ ಮಲಗಿದ ಏಳು ಗುಲಾಬಿ ಬಣ್ಣದ ದೇಹಗಳು. 2003ರ ಒಂದು ಕೃತಿಯ ಹೆಸರು 'ಒಳ್ಳೆಯ ತಾಯಿ'. ಮೊಣಕಾಲೂರಿ ಕುಳಿತ ಬಟ್ಟೆಯ ಹೆಂಗಸು. ಅವಳ ಎದೆಯಿಂದ ಹೊರಟ ಐದು ಎಳೆ ದಾರಗಳು ಎದುರಿನ ಐದು ಉರುಳೆಗಳಿಗೆ ಸುತ್ತಿಕೊಂಡಿವೆ. ಹಾಲೇ ನೂಲಾಗಿದೆ. ಅದೇ ವರ್ಷದ ಇನ್ನೊಂದರಲ್ಲಿ, ಹೂಬಳ್ಳಿಯ ಚಿತ್ರವಸ್ತ್ರ ಹೊದಿಸಿದ ಹಳೆಯ ಕುರ್ಚಿಯ ಮೇಲೆ ಅಂಥದೇ ಬಟ್ಟೆಯ ಸಣ್ಣ ಜೀವಿಯೊಂದು ಕುಳಿತಿದೆ. ಮೊದಲ ನೋಟಕ್ಕೆ ಅದು ಕಾಣುವುದೇ ಇಲ್ಲ, ಕುರ್ಚಿಯಲ್ಲಿ ಕರಗಿಹೋಗಿದೆ. ಎರಡನೆಯ ನೋಟಕ್ಕೆ ಹೆಂಗಸೊಬ್ಬಳು ಕಾಣುತ್ತಾಳೆ. ಮೂರನೆಯ ನೋಟಕ್ಕೆ ಅವಳಿಗೆ ಉಕ್ಕಿನ ಜೇಡದ ಕಾಲುಗಳಿವೆಯೆಂಬುದು ತಿಳಿಯುತ್ತದೆ. ಮನೆಯ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕುಳಿತು ಎಲ್ಲವನ್ನೂ ಕಾಣುವ ಹೆಂಗಸರನ್ನು ನಾವೆಲ್ಲ ಬಲ್ಲೆವು.

ಇಷ್ಟಾದರೂ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಈ ದೇಹಗಳಲ್ಲ, ಅವುಗಳ ಹೊಲಿಗೆ. ಒಳ್ಳೆಯ ದರ್ಜಿಯ ಹೊಲಿಗೆ ಕಾಣಬಾರದು. ಬೂರ್ಜ್ವಾಳ ಹೊಲಿಗೆ ಗಾಯಕ್ಕೆ ಹಾಕಿದ ಹೊಲಿಗೆಯಂತೆ ಎದ್ದು ಕಾಣುತ್ತದೆ. ನುರಿತ ಹೊಲಿಗೆಯವರ ನೆರವು ಆಕೆಗಿತ್ತು, ಬೇಕೆಂದಿದ್ದರೆ ಮುಚ್ಚಬಹುದಾಗಿತ್ತು. ಮುಚ್ಚಲಿಲ್ಲ. ಬಟ್ಟೆ ಎಲ್ಲಿ ಹರಿದಿತ್ತು, ಎಲ್ಲಿ ಕೂಡಿತು ಎಂಬುದು ನೋಡುವವನಿಗೆ ತಿಳಿಯಬೇಕು. ಸೂಜಿಯ ಕೆಲಸ ಕೆಟ್ಟದ್ದನ್ನು ಸರಿಪಡಿಸುವುದು, ಅದೊಂದು ಬಗೆಯ ಕ್ಷಮೆಯ ಬೇಡಿಕೆ ಎಂದು ಆಕೆ ನಂಬಿದ್ದಳು. ಆದರೆ ಕ್ಷಮಿಸುವುದೆಂದರೆ ಏನೂ ಆಗಿಲ್ಲವೆಂದು ತೋರಿಸುವುದಲ್ಲ. ಓಬ್ಯುಸೋಂನ ಮಗಳಾದ ಆ ತಾಯಿ ಜೀವಮಾನವೆಲ್ಲ ಕಾಣದಂತೆ ರಿಪೇರಿ ಮಾಡಿದಳು, ವಸ್ತ್ರಗಳನ್ನೂ, ಸಂಸಾರವನ್ನೂ. ಮಗಳು ಅದೇ ಸೂಜಿ ಹಿಡಿದು ಕಾಣುವಂತೆ ಹೊಲಿದಳು. ನಮ್ಮ ಗುರುಗಳ ಕಂಸ ನೆನಪಾಯಿತು.

2002ರಲ್ಲಿ, ತನ್ನ ತೊಂಬತ್ತನೆಯ ವಯಸ್ಸಿನಲ್ಲಿ, ಆಕೆ ಬಟ್ಟೆಯದೇ ಒಂದು ಪುಸ್ತಕ ಮಾಡಿದಳು. ಪುಟಗಳು ಮದುವೆಯ ಕಾಲದಿಂದ ಜೋಪಾನವಾಗಿಟ್ಟಿದ್ದ ಕೈವಸ್ತ್ರಗಳು. ಅವುಗಳ ಮೂಲೆಯಲ್ಲಿ ಆಕೆಯ ಮದುವೆಯ ಹೆಸರಿನ ಮೊದಲಕ್ಷರಗಳ ಕಸೂತಿ ಇನ್ನೂ ಇದೆ. ಅವುಗಳ ಮೇಲೆ ತನ್ನ ಹಳೆಯ ಉಡುಪುಗಳ ತುಂಡುಗಳನ್ನು ಪಟ್ಟೆ ಪಟ್ಟೆಯಾಗಿ, ಚೌಕವಾಗಿ, ಬಲೆಯಂತೆ ಕೂಡಿಸಿದ್ದಾಳೆ. ಪುಟಗಳನ್ನು ಕಟ್ಟಿರುವುದು ಅಂಗಿಯ ಗುಂಡಿಮನೆಗಳಂಥ ತೂತುಗಳ ಮೂಲಕ. ಮೂವತ್ತಕ್ಕೂ ಹೆಚ್ಚು ಪುಟಗಳ ಈ ಗ್ರಂಥದಲ್ಲಿ ಓದಲು ಸಿಗುವ ಮಾತುಗಳು ಬಹಳ ಕಡಿಮೆ. ಹೆಸರು 'ಮರೆವಿಗೊಂದು ಸ್ತುತಿ' ಎಂಬರ್ಥದ್ದು. ಒಂದನ್ನೂ ಮರೆಯದವಳು ಮರೆವನ್ನು ಸ್ತುತಿಸಿದಳು. 2010ರ ಮೇ 31ರಂದು, ತೊಂಬತ್ತೆಂಟನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿಯೇ ತೀರಿಕೊಂಡಳು.

ಪುಸ್ತಕಗಳನ್ನು ಮರಳಿ ಕೊಡುವ ನೆವದಿಂದ ನಾವೇ ಸ್ನೇಹಿತರ ಮನೆಗೆ ಹೋದೆವು, ಮಾಳಿಗೆಯ ಕೋಣೆಯನ್ನು ಹತ್ತಿದೆವು. ಮೂರು ವರ್ಷಗಳ ಹಿಂದೆ ಮಾಡಬೇಕಾಗಿದ್ದುದನ್ನು ಆಗ ಮಾಡಿದೆವು: ಒಂದು ಮೊಲವನ್ನು ಕೈಗೆತ್ತಿಕೊಂಡು ನೋಡಿದೆವು. ಅಂಗೈಗೆ ತಣ್ಣಗೆ ಮೆತ್ತಗೆ ಹತ್ತಿತು. ಎಷ್ಟೋ ವರ್ಷ ಒಗೆದು ಒಗೆದು ಬಂದ ಮೆತ್ತನೆಯದು. ಅಂಗಡಿಯ ಬಟ್ಟೆಗೆ ಅದು ಬರಲಾರದು.

ಕೆಲಸದ ಕ್ರಮವನ್ನು ಅವಳು ನಿಧಾನವಾಗಿ ಹೇಳಿಕೊಟ್ಟಳು. ಮೊದಲು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಬೇಕು. ಎಲ್ಲಿ ಬೆಳಕು ತೂರಿ ಬರುತ್ತದೆಯೋ ಅಲ್ಲಿ ಎಳೆ ಸತ್ತಿದೆ. ಸೀರೆ ಮೊದಲು ಸಾಯುವುದು ಮಡಿಕೆಯ ಗೆರೆಗಳಲ್ಲಿ. ಜರಿಯ ಅಂಚು ಗಟ್ಟಿಯಾಗಿದ್ದರೂ ಅದಕ್ಕೆ ಹತ್ತಿದ ರೇಷ್ಮೆ ಹಿಸಿದಿರುತ್ತದೆ. ಇಂಥ ಕಡೆ ಹಿಂದಿನಿಂದ ತೆಳುವಾದ ಹತ್ತಿಯ ಬಟ್ಟೆಯ ಆಸರೆ ಕೊಡಬೇಕು. ಇಳಕಲ್ ಸೀರೆಯಾದರೆ ಇನ್ನೊಂದು ವಿಶೇಷ: ಹತ್ತಿಯ ಒಡಲು ಹಾಸಿಗೂ ರೇಷ್ಮೆಯ ಸೆರಗಿನ ಹಾಸಿಗೂ ನೇಕಾರರು ಎಳೆ ಎಳೆಗೆ ಕುಣಿಕೆ ಹಾಕಿ ಕೂಡಿಸಿರುತ್ತಾರೆ, ತೋಪು ತೆನೆ ಎಂದು ಅದರ ಹೆಸರು. ಒಡಲು ಹಿಂಜಿಹೋದ ಮೇಲೂ ಈ ಕೂಡುಗೆ ಮಾತ್ರ ಗಟ್ಟಿ ಇರುತ್ತದೆಂದು ಅವಳ ಅನುಭವ. ಹಕ್ಕಿಯ ಕುತ್ತಿಗೆಗೆ ಅದನ್ನೇ ತರುತ್ತಾಳೆ, ಕುತ್ತಿಗೆಗೆ ಬಲ ಬೇಕಲ್ಲವೇ! ತುಂಡುಗಳನ್ನು ಒಳಮಗ್ಗುಲಾಗಿ ಹೊಲಿದು, ಎರಡು ಬೆರಳಗಲ ಬಾಯಿ ಬಿಟ್ಟು, ಅದರ ಮೂಲಕ ಇಡೀ ಪ್ರಾಣಿಯನ್ನು ಹೊರಳಿಸಬೇಕು. ಸವೆದ ಬಟ್ಟೆ ಹೆಚ್ಚಾಗಿ ಹರಿಯುವುದು ಆ ಹೊರಳಿಸುವ ಗಳಿಗೆಯಲ್ಲಿ. ಎಂಟು ದಿನದ ಕೆಲಸ ಕ್ಷಣದಲ್ಲಿ ಹೋಗುತ್ತದೆ. ಕಾಲುಗಳಿಗೆ ತಂತಿ, ಹೊಟ್ಟೆಗೆ ಅದೇ ಸೀರೆಯ ಚೂರುಗಳು. "ಹೊಟ್ಟೆಯೊಳಗೂ ಅವರದೇ ಬಟ್ಟೆ" ಎಂದಳು.

ಗಿರಾಕಿಗಳು ಯಾರೆಂದು ಕೇಳಿದೆವು. ಆಟಿಕೆ ಕೊಳ್ಳುವವರಲ್ಲ. ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ಅವರ ಸೀರೆಯನ್ನೋ ರುಮಾಲನ್ನೋ ಉಡಲಾರದೆ, ಬಿಸುಡಲಾರದೆ ಇಟ್ಟುಕೊಂಡವರು ಬಟ್ಟೆ ತಂದುಕೊಡುತ್ತಾರೆ. ಒಂದು ಸೀರೆಯಿಂದ ನಾಲ್ಕು ಮಕ್ಕಳ ಮನೆಗೆ ನಾಲ್ಕು ಹಕ್ಕಿ ಹೋಗುತ್ತವೆ. ಕೆಲವರು ಬಟ್ಟೆ ಕೊಟ್ಟು ಬಾಗಿಲವರೆಗೆ ಹೋಗಿ ಮರಳಿ ಬಂದು ಕಸಿದುಕೊಂಡು ಹೋದದ್ದೂ ಉಂಟಂತೆ. ಆದಾಯ ಅಷ್ಟಕ್ಕಷ್ಟೇ, ವಾರದಲ್ಲಿ ಎರಡು ದಿನ ಮಕ್ಕಳಿಗೆ ಚಿತ್ರಕಲೆ ಹೇಳಿಕೊಟ್ಟು ಸರಿದೂಗಿಸುತ್ತಾಳೆ. ಈ ವಿಷಯದಲ್ಲಿ ನಮ್ಮ ಹಿಂದಿನ ಎಚ್ಚರಿಕೆ ಪೂರಾ ತಪ್ಪಾಗಿರಲಿಲ್ಲ. ತಂದೆ ಕೆಳಗಿನ ಪಡಸಾಲೆಯಲ್ಲಿ ವೃತ್ತಪತ್ರಿಕೆ ಓದುತ್ತಿದ್ದರು, ಮೇಲೆ ಬರಲಿಲ್ಲ. ಅವರಿಗೆ ನಾವು ಕೊಟ್ಟ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡಿದ್ದೇವೆಂದು ಹೋಗುವಾಗ ಹೇಳಿದೆವು. "ನೀವು ಹಾಗೆ ಹೇಳಿದರೆ ಸರಿ" ಎಂದರು. ಅವರ ದನಿಯಲ್ಲಿ ಸಮಾಧಾನವಿತ್ತೋ ದೂರಿತ್ತೋ ನಿರ್ಧರಿಸಲಾಗಲಿಲ್ಲ.

ಹೊರಡುವ ಮುನ್ನ ಅವಳು ಕೇಳಿದ ಒಂದು ಪ್ರಶ್ನೆ ನಮ್ಮನ್ನು ಮನೆಯವರೆಗೆ ಹಿಂಬಾಲಿಸಿತು: "ನಿಮ್ಮ ಅವ್ವನ ಸೀರೆ ಇದೆಯೇ?"

ಇಲ್ಲ. ಅವ್ವ ತೀರಿಕೊಂಡ ಮೇಲೆ ಅವಳ ಸೀರೆಗಳು ಎರಡು ವರ್ಷ ಟ್ರಂಕಿನಲ್ಲಿದ್ದವು. ಹಳೆಯ ಬಟ್ಟೆಗೆ ಪಾತ್ರೆ ಕೊಡುವವಳು ಬೀದಿಯಲ್ಲಿ ಕೂಗುತ್ತ ಬಂದಾಗ, ಮನೆಯವರು ಕೇಳಿದರು, ನಾವು ಪುಸ್ತಕದಿಂದ ತಲೆಯೆತ್ತದೆ ಕೊಡಿರೆಂದೆವು. ಐದು ಸೀರೆಗೆ ಒಂದು ಸ್ಟೀಲಿನ ಡಬರಿ ಬಂದಿತು. ಆ ಡಬರಿ ಇಂದಿಗೂ ಅಡಿಗೆಮನೆಯಲ್ಲಿದೆ. ಸ್ಟೀಲು ಸವೆಯುವುದಿಲ್ಲ, ಅವ್ವನ ಗುರುತೂ ಅದರಲ್ಲಿಲ್ಲ.

ಉಳಿದದ್ದು ಒಂದು ಕೌದಿ. ಹತ್ತನೆಯ ವಯಸ್ಸಿನಲ್ಲಿ ನಮ್ಮನ್ನು ಮಠದ ಪ್ರಸಾದನಿಲಯಕ್ಕೆ ಬಿಡಲು ಬಂದಾಗ ಅವ್ವ ಹೆಗಲ ಮೇಲೆ ಹೊತ್ತು ತಂದದ್ದು. ನಮ್ಮ ಸೀಮೆಯ ಹಳ್ಳಿಗಳಲ್ಲಿ ಗೊಂದಲಿಗರ ಹೆಂಗಸರು ಮನೆಮನೆಗೆ ಬಂದು, ಕಾಳುಕಡಿಗೆ ಕೌದಿ ಹೊಲಿದುಕೊಡುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಅಜ್ಜಿಯ ಸೀರೆ, ಅಪ್ಪನ ಧೋತರ, ನಮ್ಮ ಕುಲಾಯಿ, ಎಲ್ಲವೂ ಅದರಲ್ಲಿದ್ದವು. ಪ್ರತಿ ಮಹಾನವಮಿಗೆ ಮುನ್ನ ಹಳ್ಳದಲ್ಲಿ ಒಗೆದು, ಒಣಗಿಸಿ, ನಲವತ್ತು ವರ್ಷ ಹೊದ್ದದ್ದು. ಈಗ ನಡುವೆ ಹಿಂಜಿ, ಒಳಗಿನ ಪದರ ಹೊರಗೆ ಬಂದಿದೆ.

ಕೊಡಬೇಕೋ ಬೇಡವೋ ಎಂದು ಒಂದು ವಾರ ಯೋಚಿಸಿದೆವು. ತೊಂಬತ್ತರ ಆ ಮುದುಕಿ ಮದುವೆಯ ವಸ್ತ್ರಕ್ಕೇ ಕತ್ತರಿಯಿಟ್ಟಳಲ್ಲ ಎಂದು ಧೈರ್ಯ ತಂದುಕೊಂಡು, ಕೌದಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಒಯ್ದೆವು. ಜೊತೆಗೆ, ಸಂಕೋಚವಿಲ್ಲದೆ ಹೇಳುವುದಾದರೆ, ಸಭೆಗಳಲ್ಲಿ ನಮಗೆ ಹೊದಿಸಿದ ಹನ್ನೊಂದು ಶಾಲುಗಳನ್ನೂ ಒಯ್ದೆವು. ಅವುಗಳ ಮೇಲೆ ನಮಗೆ ಯಾವ ಮೋಹವೂ ಇರಲಿಲ್ಲ. ಹುಡುಗಿ ಶಾಲುಗಳನ್ನು ಒಂದು ಬದಿಗೆ ಸರಿಸಿ, ಇವುಗಳನ್ನು ಯಾರೂ ಹೊದ್ದೇ ಇಲ್ಲ, ಇವು ನನಗೆ ಬೇಡ ಎಂದಳು. ಕೌದಿಯನ್ನು ನೆಲದ ಮೇಲೆ ಹಾಸಿ, ಮೊಣಕಾಲೂರಿ, ಅಂಗೈಯಿಂದ ತಡವುತ್ತ ಬಹಳ ಹೊತ್ತು ನೋಡಿದಳು. ಕತ್ತರಿ ಅವಳ ಮಗ್ಗುಲಲ್ಲಿಯೇ ಇತ್ತು.

"ಇದನ್ನು ನಾನು ಕತ್ತರಿಸುವುದಿಲ್ಲ" ಎಂದಳು. "ಇದು ಬಟ್ಟೆಯಲ್ಲ, ಆಗಲೇ ಒಂದು ಪ್ರಾಣಿ."

ಒಂದು ತಿಂಗಳ ಮೇಲೆ ಕೌದಿ ಮರಳಿ ಬಂದಿತು. ನಡುವಿನ ಹರಕಿಗೆ ಹಿಂದಿನಿಂದ ಆಸರೆ ಕೊಟ್ಟು, ಮೇಲೆ ಕೆಂಪು ದಾರದಿಂದ ಓಟದ ಹೊಲಿಗೆ ಹಾಕಿದ್ದಾಳೆ. ಹಳೆಯ ಹೊಲಿಗೆಗೂ ಹೊಸದಕ್ಕೂ ಇರುವ ವ್ಯತ್ಯಾಸ ಕನ್ನಡಕವಿಲ್ಲದೆಯೂ ಕಾಣುತ್ತದೆ. ಕೌದಿಯ ಮಡಿಕೆಯೊಳಗೆ ಒಂದು ಬೆರಳುದ್ದದ ಗುಬ್ಬಿಯೂ ಇತ್ತು. ಹ್ಯಾಗೂ ಉದುರಿಬಿದ್ದ ಚಿಂದಿಗಳಿಂದ ಮಾಡಿದ್ದೆಂದು ಚೀಟಿ ಬರೆದಿದ್ದಳು. ಅದರ ಎದೆ ನಮ್ಮ ಕುಲಾಯಿಯ ಹಳದಿ, ಬೆನ್ನು ಅವ್ವನ ಸೀರೆಯ ಮಾಸಿದ ಕಡುಗೆಂಪು. ಈಗ ಅದು ನಮ್ಮ ನಿಘಂಟುಗಳ ಕಪಾಟಿನಲ್ಲಿ ಕುಳಿತಿದೆ. ಮೊಮ್ಮಗಳು ದಿನಕ್ಕೊಮ್ಮೆ ಬಂದು ಅದರ ಜಾಗ ಬದಲಿಸಿ ಹೋಗುತ್ತಾಳೆ. ಇಂದು ಬೆಳಿಗ್ಗೆ ಕಿಟ್ಟೆಲರ ಕೋಶದ ಮೇಲಿತ್ತು.